ಜೀಪಿನ ನೆರಳಿನ ಮಣ್ಣು

"ಹೋಗೇ ಹೋಗ್ತದೆ, ಸಂಶಯವೇ ಬೇಡ" ಎಂದು ಗಿರಿಧರ ಆ ಬೆಳಿಗ್ಗೆ ಐದು ಜನರಿಗೆ ಹೇಳಿಯಾಗಿತ್ತು. ಹಾಲಿನವನಿಗೆ, ಕೆಳಗಿನ ಮನೆಯ ನೇವಿ ನೌಕರನಿಗೆ, ಫೋನು ಮಾಡಿದ ಭಾವಮೈದ ಸತೀಶನಿಗೆ, ಅಂಗಿಗೆ ಇಸ್ತ್ರಿ ಹಾಕುತ್ತಿದ್ದ ಹೆಂಡತಿ ಸುಮಲತಾಳಿಗೆ, ಕೊನೆಗೆ ಕನ್ನಡಿಯಲ್ಲಿ ಕಂಡವನಿಗೆ. ಮೊದಲ ನಾಲ್ವರು ನಂಬಿದರು. ಐದನೆಯವನು ಮುಖಕ್ಕೆ ಸೋಪಿನ ನೊರೆ ಮೆತ್ತಿಕೊಂಡು ಸುಮ್ಮನೆ ನೋಡಿದ. ಹನ್ನೊಂದು ಗಂಟೆ ನಲವತ್ತೆರಡು ನಿಮಿಷಕ್ಕೆ ದೇಶದ ಆ ಬದಿಯ ಸಮುದ್ರದಂಡೆಯಿಂದ ರಾಕೆಟ್ಟು ಹಾರುವುದಿತ್ತು. ಅದರ ತಲೆಯಲ್ಲಿ ಮನುಷ್ಯರಿಲ್ಲದ ಒಂದು ನೌಕೆ, ನೌಕೆಯ ಬದಿಗೆ ಮಡಚಿಟ್ಟ ಒಂದು ಯಂತ್ರದ ಕೈ. ಆ ಕೈ ಚಂದ್ರನ ನೆಲ ಅಗೆದು ಮಣ್ಣು ತುಂಬಿಕೊಡಬೇಕು. ಡಬ್ಬಿ ಮುಚ್ಚಿಕೊಂಡು ನೌಕೆಯ ಒಂದು ಭಾಗ ತಿರುಗಿ ಭೂಮಿಗೆ ಬರಬೇಕು. ಇಷ್ಟನ್ನು ಈಗ ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ಮೀನು ಕೊಯ್ಯುವವರೂ ಹೇಳುತ್ತಿದ್ದರು. ಆದರೆ ಆ ಕೈಗೆ ಅಗೆಯುವುದನ್ನು ಕಲಿಸಿದ್ದು ಕದ್ರಾದ ಮಣ್ಣು, ಅದನ್ನು ನಲವತ್ತು ಚೀಲ ತುಂಬಿ ಕಳಿಸಿದ್ದು ಗಿರಿಧರ ಎಂಬುದು ಊರಿಗೆ ಗೊತ್ತಾದದ್ದು ಮಾತ್ರ ಗಿರಿಧರನಿಂದಲೇ. ಎರಡು ವರ್ಷ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದ. ಹೇಳಿದ್ದರ ಫಲವಾಗಿ ಇವತ್ತು ಅಂಕೋಲೆಯ ಒಂದು ಹೈಸ್ಕೂಲಿನಲ್ಲಿ ಅವನಿಗೆ ಶಾಲು ಹೊದೆಸಿ ಸನ್ಮಾನವಿತ್ತು, ಆಮೇಲೆ ಮಕ್ಕಳ ಜೊತೆ ಕೂತು ಪರದೆಯ ಮೇಲೆ ಉಡಾವಣೆ ನೋಡುವುದಿತ್ತು.

"ಶಾಲು ಚಲೋದಿದ್ರೆ ಅಲ್ಲೇ ಯಾರ ಕೈಲಾದ್ರೂ ಕೊಟ್ಟು ಬರ್ಬೇಡಿ, ನಿಮ್ಮ ದಾನಶೂರತನ ನಂಗೊತ್ತು" ಅಂದಳು ಸುಮಲತಾ. ಗಿರಿಧರ ನಕ್ಕ. ಅವನಿಗೆ ನಗಲು ಬರುತ್ತಿತ್ತು, ಮಾತಾಡಲೂ ಬರುತ್ತಿತ್ತು. ಮಣ್ಣು ಪರೀಕ್ಷೆ ಮಾಡುವ ಆ ಖಾಸಗಿ ಲ್ಯಾಬಿನಲ್ಲಿ ಇಪ್ಪತ್ತಾರು ವರ್ಷದಿಂದ ಅವನೇ ಹಿರಿಯ. ರಸ್ತೆ ಮಾಡುವವರು, ಸೇತುವೆ ಕಟ್ಟುವವರು ಮೊದಲು ಅವನ ಮುಖ ನೋಡುತ್ತಿದ್ದರು, ಆಮೇಲೆ ವರದಿ. "ಗಟ್ಟಿ ಉಂಟು, ಕಟ್ಟಿ" ಎಂದು ಅವನು ಹೇಳಿದರೆ ಎಂಜಿನಿಯರುಗಳಿಗೂ ಸಮಾಧಾನ. ಗೊತ್ತಿಲ್ಲ ಎಂಬ ಮಾತು ಅವನ ಬಾಯಿಂದ ಬಂದದ್ದನ್ನು ಲ್ಯಾಬಿನಲ್ಲಿ ಯಾರೂ ಕೇಳಿರಲಿಲ್ಲ.

ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಬಿಣಗಾ ಕಡೆಯ ಸುರಂಗ ಹೊಕ್ಕಾಗ ಕಿಟಕಿಯ ಗಾಜಿನಲ್ಲಿ ಮತ್ತೆ ಅವನದೇ ಮುಖ ಬಂದು ಕೂತಿತು, ಬೆಳಗಿನ ಆ ಐದನೆಯವನು. ನಲವತ್ತು ಚೀಲ ಎಂದು ಹೇಳುವಾಗ ಯಾರೂ ಕೇಳದ ಪ್ರಶ್ನೆಯೊಂದನ್ನು ಈ ಮುಖ ಎರಡು ವರ್ಷದಿಂದ ಕೇಳುತ್ತಲೇ ಇತ್ತು. ನಲವತ್ತು ಚೀಲ ಸರಿ, ಎಷ್ಟು ಜಾಗದ್ದು? ಮೇ ತಿಂಗಳ ಕೊನೆಯ ವಾರ, ಕದ್ರಾ ಅಣೆಕಟ್ಟಿನ ಹಿನ್ನೀರು ಇಳಿದು ಇಳಿದು ನಡುವೆ ಒಂದು ಪಟ್ಟಿಯಾಗಿತ್ತು. ಇಬ್ಬದಿಗೂ ಬೂದಿಬಣ್ಣದ ಹೂಳು ಒಣಗಿ, ಕಾಲಿಟ್ಟರೆ ಹಪ್ಪಳದಂತೆ ಮುರಿಯುತ್ತಿತ್ತು. ಆ ಕೈ ಮಾಡುತ್ತಿದ್ದ ಬೆಂಗಳೂರಿನ ತಂಡ ಕಳಿಸಿದ ನಕ್ಷೆಯಲ್ಲಿ ನಲವತ್ತು ಚುಕ್ಕಿಗಳಿದ್ದವು. ಚಂದ್ರನ ಮಣ್ಣಿನ ಹಾಗೆ ಕಲ್ಲು ಅರೆದು ಮಾಡಿದ ಪುಡಿ ಅವರ ಹತ್ತಿರ ಬೇರೆ ಇತ್ತಂತೆ. ಅದಕ್ಕೆ ಮುಂಚೆ ಕೈಗೆ ಬಗೆಬಗೆಯ ನೆಲ ರೂಢಿಯಾಗಬೇಕು, ಎಲ್ಲಿ ಮೆದು ಎಲ್ಲಿ ಬಿರುಸು ಎಂದು ಅದು ಮುಟ್ಟಿಯೇ ಕಲಿಯಬೇಕು, ನೋಡಲು ಒಂದೇ ಥರ ಇದ್ದು ಮುಟ್ಟಿದರೆ ಬೇರೆ ಬೇರೆ ಇರುವ ಮಣ್ಣೇ ಬೇಕು, ಹಾಗಾಗಿ ಕದ್ರಾ. ಗಿರಿಧರ, ಗುದ್ದಲಿ ಹಿಡಿದ ಬೊಮ್ಮಿ, ಜೀಪಿನ ಡ್ರೈವರ್ ಜಟ್ಟು, ಮೂರೇ ಜನ. ಬೊಮ್ಮಿ ಲ್ಯಾಬಿನ ದಿನಗೂಲಿಯವಳು, ಅವರ್ಸಾದ ಹತ್ತಿರದವಳು, ಓದು ಬರಹ ಇಲ್ಲ. ಹತ್ತೂವರೆಗೆ ಒಂಬತ್ತು ಚೀಲ ಆದವು. ಪ್ರತಿ ಚೀಲದ ಬಾಯಿ ಕಟ್ಟುವಾಗ ಅವಳು ಹತ್ತಿರದ ಮರದ ಒಂದು ಎಲೆ ಸಿಕ್ಕಿಸುತ್ತಿದ್ದಳು. ಅವಳ ಅವ್ವಿ ಬೀಜದ ಗಂಟುಗಳಿಗೆ ಹಾಗೆ ಮಾಡುತ್ತಿದ್ದಳಂತೆ, ಯಾವ ಗದ್ದೆಯ ಬೀಜ ಯಾವುದು ಎಂದು ಗುರುತಿಗೆ. "ಕಸ ಹಾಕ್ಬೇಡ ಮಾರಾಯ್ತಿ, ಇದು ಚಂದ್ರನ ಕೆಲಸ" ಎಂದು ಗಿರಿಧರ ಎಲೆ ಕಿತ್ತು ಎಸೆದು ನಂಬರು ಬರೆಯುತ್ತಿದ್ದ.

ಆಗ ಸತೀಶನ ಫೋನು ಬಂತು. "ಭಾವೋಜಿ, ನೊಗ್ಲಿ ಮೀನು ಸಿಕ್ಕಿದೆ. ಗೇಣುದ್ದ ಅವೆ. ಬೋಟು ಬಂದ್ ಆಗುಕೆ ನಾಲ್ಕೇ ದಿನ, ಮತ್ತೆ ಎರಡ್ ತಿಂಗ್ಳು ಬರೀ ಒಣಮೀನು. ಒಂದೂವರೆಗೆ ತಾಟಿಗೆ ಬೀಳ್ತದೆ. ಬರೂದಾದ್ರೆ ಬನ್ನಿ, ಇಲ್ದಿದ್ರೆ ನಿಮ್ಮ ಪಾಲು ನಾ ತಿಂತೆ." ಇಷ್ಟೇ. ಚಂದ್ರನಿಗೂ ಗಿರಿಧರನಿಗೂ ನಡುವೆ ಬಂದದ್ದು ಲಂಚವಲ್ಲ, ರೋಗವಲ್ಲ, ಮಳೆಯಲ್ಲ, ಒಂದು ಮೀನು. ಅದೇ ಅವನಿಗೆ ಎಲ್ಲಕ್ಕಿಂತ ಅವಮಾನ. ದೊಡ್ಡ ಕಾರಣಕ್ಕೆ ತಪ್ಪು ಮಾಡಿದವನು ಯಾರ ಹತ್ತಿರವಾದರೂ ಹೇಳಿಕೊಂಡು ಅಳಬಹುದು. ನೊಗ್ಲಿಗೆ ತಪ್ಪಿದವನು ಎಲ್ಲಿ ಹೇಳಿಕೊಳ್ಳಬೇಕು? "ಇನ್ನೂ ಮೂವತ್ತೊಂದು ಉಂಟು ಸರ್" ಅಂದಿದ್ದಳು ಬೊಮ್ಮಿ. "ಎಲ್ಲಾ ಅದೇ ಹೂಳಲ್ವೆ? ಅನ್ನಕ್ಕೆ ಒಂದಗುಳು ನೋಡಿದ್ರೆ ಸಾಕು" ಅಂದ. ಅವಳು ಗುದ್ದಲಿ ಊರಿ ನಿಂತಳು. "ಒಂದೇ ಪಾತ್ರೆ ಆದ್ರೆ ಒಂದಗುಳು ಸಾಕು. ಇದು ನಲ್ವತ್ತು ಪಾತ್ರೆ." ಗಿರಿಧರ ತಾನೇ ಗುದ್ದಲಿ ತೆಗೆದುಕೊಂಡ. ಜೀಪು ನಿಂತಲ್ಲಿ ಸುತ್ತ ಮರವಿರಲಿಲ್ಲ, ಕೂರಲು ನೆರಳೆಂದರೆ ಜೀಪಿನದು ಮಾತ್ರ. ಆ ನೆರಳಿನಲ್ಲಿ ಕುಕ್ಕರಗಾಲಲ್ಲಿ ಕೂತು, ಅಲ್ಲಿಯೇ ಕೆರೆದು, ಮೂವತ್ತೊಂದು ಚೀಲವನ್ನೂ ತುಂಬಿದ. ಬೊಮ್ಮಿ ಚೀಲದ ಬಾಯಿ ಹಿಡಿದಳು. ಹತ್ತರಿಂದ ನಲವತ್ತರವರೆಗೆ ನಂಬರು ಬರೆದ, ನೀರಿನಿಂದ ಎಷ್ಟು ದೂರ ಎಂಬುದನ್ನು ಮನಸ್ಸಿಗೆ ಬಂದ ಹಾಗೆ ಬರೆದ. ಅಕ್ಷರ ಚೆಂದ ಬಂದಿತ್ತು. ಮೀನೂ ಚೆಂದ ಇತ್ತು, ಅದೂ ಸುಳ್ಳಲ್ಲ.

ಸುರಂಗ ಮುಗಿದು ಬೆಳಕು ಬಿದ್ದಾಗ ಗಾಜಿನ ಮುಖ ಹೋಯಿತು. ನೌಕಾನೆಲೆಯ ಬೇಲಿ ಬಲಗಡೆ ಓಡತೊಡಗಿತು, ಅದರಾಚೆ ಸಮುದ್ರ ಎಂದಿನಂತೆ ಇತ್ತು. ಆ ದಿನದಿಂದ ಗಿರಿಧರ ಆ ಕೈಯ ಸುದ್ದಿ ಎಲ್ಲಿ ಬಂದರೂ ಕತ್ತರಿಸಿ ಇಟ್ಟುಕೊಂಡಿದ್ದ. ಒಂದು ಪತ್ರಿಕೆಯಲ್ಲಿ "ನಲವತ್ತು ಬಗೆಯ ನೆಲದಲ್ಲಿ ಪಳಗಿದ ಕೈ" ಎಂದು ಬಂದಾಗ ಎರಡು ದಿನ ಊಟ ಸೇರಲಿಲ್ಲ. ಅಂದರೆ ಅವರಿಗೆ ಗೊತ್ತಾಗಿಲ್ಲ! ಒಂಬತ್ತು ಮತ್ತು ಒಂದು, ಹತ್ತೇ ಬಗೆಯ ನೆಲ ಗೊತ್ತಿರುವ ಒಂದು ಬಡಪಾಯಿ ಕೈಯನ್ನು ಇವರು ನಲವತ್ತು ಗೊತ್ತು ಎಂದು ನಂಬಿ ಚಂದ್ರನಿಗೆ ಕಳಿಸುತ್ತಿದ್ದಾರೆ. ಸ್ನಾನ ಮಾಡುವಾಗ, ಸಹಿ ಮಾಡುವಾಗ, ಹೆಂಡತಿ ಏನೋ ಹೇಳುತ್ತಿರುವಾಗ ಅವನಿಗೆ ಆ ಕೈ ಕಾಣುತ್ತಿತ್ತು. ಗಾಳಿ ಇಲ್ಲದ ಬೂದುನೆಲದ ಮೇಲೆ ಅದು ಬಾಗುತ್ತದೆ, ಮುಟ್ಟುತ್ತದೆ, ಇದು ನನಗೆ ಕಲಿಸದ ಪಾಠ ಎಂದು ನಿಂತುಬಿಡುತ್ತದೆ. ಇಡೀ ದೇಶ ಪರದೆಯ ಮುಂದೆ ಉಸಿರು ಬಿಗಿಹಿಡಿದು ಕೂತಿದೆ, ಕೈ ಮಾತ್ರ ಅಲ್ಲಾಡುವುದಿಲ್ಲ. ಯಾಕೆ ಎಂದು ಭೂಮಿಯ ಮೇಲೆ ಒಬ್ಬನಿಗೇ ಗೊತ್ತು. ಪತ್ರ ಬರೆಯಬೇಕು ಎಂದು ನಾಲ್ಕು ಸಲ ಕೂತಿದ್ದ. ನಾಲ್ಕು ಸಲವೂ ಮೀನಿನ ಹತ್ತಿರ ಬಂದು ಪೆನ್ನು ನಿಂತಿತು. ಇವತ್ತು ಹನ್ನೊಂದೂ ನಲವತ್ತೆರಡರ ಮೇಲೆ ಬರೆದು ಪ್ರಯೋಜನವಿಲ್ಲ. ಇರುವುದು ಒಂದೂವರೆ ಗಂಟೆ, ಹೇಳುವುದಾದರೆ ಈಗ ಹೇಳಬೇಕು, ಎಂದು ಯೋಚಿಸುತ್ತಿರುವಾಗ ಅವರ್ಸಾ ಬಂತು. ಬಾಗಿಲ ಹತ್ತಿರ ಸೊಪ್ಪಿನ ಬುಟ್ಟಿಯೊಂದು ಮೊದಲು ಹತ್ತಿತು, ಅದರ ಹಿಂದೆ ಬೊಮ್ಮಿ.

ಮೊಣಕಾಲು ನೋವೆಂದು ಲ್ಯಾಬಿನ ಕೆಲಸ ಬಿಟ್ಟು ವರ್ಷದ ಮೇಲಾಗಿತ್ತು. ಈಗ ಅಂಕೋಲೆ ಪೇಟೆಯಲ್ಲಿ ತಾನು ಬೆಳೆದ ಹರಿವೆ, ಬಸಳೆ ಮಾರುತ್ತಾಳೆಂದು ಗಿರಿಧರ ಕೇಳಿದ್ದ. ಅವಳು ಬುಟ್ಟಿಯನ್ನು ಕಾಲ ಬಳಿ ಇಟ್ಟುಕೊಂಡು ಅವನ ಪಕ್ಕದಲ್ಲೇ ಕೂತಳು, ಬೇರೆ ಸೀಟಿರಲಿಲ್ಲ. ಏನಾದರೂ ಮಾಡಬೇಕೆನಿಸಿ ಗಿರಿಧರ ಕಿಸೆಗೆ ಕೈ ಹಾಕಿ "ಇವಳದ್ದೂ ಒಂದು ಅಂಕೋಲೆ" ಎಂದು ಕಂಡಕ್ಟರಿಗೆ ನೋಟು ಚಾಚಿದ. ಕಂಡಕ್ಟರು ನೋಟನ್ನು ನೋಡಿ, ಅವನನ್ನು ನೋಡಿ, "ಹೆಂಗಸ್ರಿಗೆ ಫ್ರೀ ಅಲ್ವೆ ಸರ್, ಯಾವ ಲೋಕದಲ್ಲಿದ್ದೀರಿ" ಎಂದು ಬೊಮ್ಮಿಗೆ ಸೊನ್ನೆ ಟಿಕೆಟು ಹರಿದು ಕೊಟ್ಟ. ಹಿಂದಿನ ಸೀಟಿನವರು ನಕ್ಕರು. ಚಾಚಿದ ಕೈಯನ್ನು ಒಳಗೆ ತೆಗೆದುಕೊಳ್ಳುವುದು ಇಷ್ಟು ಕಷ್ಟ ಎಂದು ಗಿರಿಧರನಿಗೆ ಗೊತ್ತಿರಲಿಲ್ಲ.

"ಎಂತಾ ಸರ್, ಇಸ್ತ್ರಿ ಜೋರುಂಟು. ಮದುವಿಯಾ?" ಅಂದಳು ಬೊಮ್ಮಿ.

"ಇಲ್ಲ. ಹೈಸ್ಕೂಲಲ್ಲಿ ಒಂದು ಕಾರ್ಯಕ್ರಮ." ಯಾತರ ಕಾರ್ಯಕ್ರಮ ಎಂದು ಹೇಳಲಿಲ್ಲ.

"ಇವತ್ತೇ ಅಲ್ದಾ ಅದು ಹಾರುದು? ಮೊಮ್ಮಗಳು ಹೇಳ್ತಿತ್ತು. ನಮ್ಮ ಕದ್ರಾ ಮಣ್ಣು ಕೆರೆದ ಕೈ."

"ಹೌದು. ಇವತ್ತೇ."

"ಹೋಗ್ತದೆ ಬಿಡಿ. ತರ್ತದೆ ಕೂಡಾ" ಅಂದಳು, ಹರಿವೆ ಸೊಪ್ಪಿನ ಮೇಲೆ ನೀರು ಚಿಮುಕಿಸುತ್ತ. "ನಲ್ವತ್ತು ಮಣ್ಣು ಮುಟ್ಟಿದ ಕೈ. ಹೆದ್ರುದೆಂತಕೆ?"

ನಲವತ್ತು ಎಂಬ ಮಾತು ಅವನ ಎದೆಗೆ ನೇರ ಬಂದು ಬಡಿಯಿತು. ಓರೆಗಣ್ಣಿಂದ ನೋಡಿದ, ಮುಖದಲ್ಲಿ ವ್ಯಂಗ್ಯ ಹುಡುಕಿದ, ಸಿಗಲಿಲ್ಲ. ಸಿಗದೆ ಇದ್ದದ್ದಕ್ಕೇ ಇನ್ನೂ ಭಯವಾಯಿತು. ಇವಳು ಚೀಲದ ಬಾಯಿ ಹಿಡಿದವಳು, ಮೂವತ್ತೊಂದು ಸಲ ತನ್ನ ಕೈಯನ್ನು ಇಷ್ಟು ಹತ್ತಿರದಿಂದ ನೋಡಿದವಳು. ಕಾರ್ಯಕ್ರಮಕ್ಕೆ ನೀನೂ ಬಾ ಎನ್ನಬೇಕಿತ್ತು. ನಾಲಿಗೆಯ ತುದಿಗೆ ಬಂದಿತ್ತು. ಬಂದರೆ ಮುಂದಿನ ಸಾಲಿನಲ್ಲಿ ಕೂತು ಹೀಗೇ ನೋಡುತ್ತಾಳೆ ಎಂದುಕೊಂಡು ನುಂಗಿದ. ಅಂಕೋಲೆ ಬಸ್ ಸ್ಟ್ಯಾಂಡಿನಲ್ಲಿ ಬುಟ್ಟಿ ಇಳಿಸಲು ಕೈ ಕೊಟ್ಟ. ಅಷ್ಟಕ್ಕೇ ಅವಳು "ದೇವ್ರು ಚಲೋ ಮಾಡ್ಲಿ" ಎಂದು ಹೊರಟುಹೋದಳು.

ಹೈಸ್ಕೂಲಿನ ಸಭಾಂಗಣದಲ್ಲಿ ಮುನ್ನೂರು ಮಕ್ಕಳ ಗದ್ದಲ. ಪರದೆಯ ಮೇಲೆ ಬಿಳಿ ರಾಕೆಟ್ಟು ಆಗಲೇ ನಿಂತಿತ್ತು, ಪಕ್ಕದಲ್ಲಿ ಎಣಿಕೆ ಇಳಿಯುತ್ತಿತ್ತು: ಐವತ್ತೆಂಟು ನಿಮಿಷ. ಮುಖ್ಯೋಪಾಧ್ಯಾಯಿನಿ ಮನಿಷಾ ಅಕ್ಕೋರು ಗಿರಿಧರನನ್ನು ವೇದಿಕೆಯ ಮೆಟ್ಟಿಲ ಬಳಿ ಕುರ್ಚಿಯಲ್ಲಿ ಕೂರಿಸಿ, "ಬೆಂಗಳೂರಿಂದ ಆ ಕೈ ಮಾಡಿದ ತಂಡದವರೇ ಒಬ್ರು ಬಂದಿದ್ದಾರೆ, ಪರಿಚಯ ಮಾಡ್ಸ್ತೆ" ಎಂದು ಒಬ್ಬ ಹುಡುಗಿಯನ್ನು ಕರೆತಂದರು. ಮೂವತ್ತರ ಆಸುಪಾಸಿನ ಪ್ರಣಿತಾ. ಕೈಯ ಕೆಲಸ ಮುಗಿಸಿ ಒಪ್ಪಿಸಿಯಾಗಿದೆ, ಹಾರಿಸುವಲ್ಲಿ ತಮಗೇನೂ ಕೆಲಸವಿಲ್ಲ, ಅದಕ್ಕೆ ಒಬ್ಬೊಬ್ಬರನ್ನು ಒಂದೊಂದು ಶಾಲೆಗೆ ಕಳಿಸಿದ್ದಾರೆ ಎಂದಳು. ಅಕ್ಕೋರು ಗಿರಿಧರನ ಹೆಸರು ಹೇಳಿದ್ದೇ ತಡ, ಅವಳ ಮುಖ ಅರಳಿತು.

"ಗಿರಿಧರ ಅಂದ್ರೆ ನೀವಾ ಸರ್! ಅಯ್ಯೋ, ನಮ್ಮಲ್ಲಿ ದಿನಾ ನಿಮ್ಮ ಹೆಸರೇ."

ಗಿರಿಧರನಿಗೆ ಒಂದು ಕ್ಷಣ ಎದೆ ಉಬ್ಬಿತು. ಮನುಷ್ಯನ ಎದೆ ಎಂಥದೋ ಏನೋ, ಕಳ್ಳತನದ ಮಾಲಿಗೂ ಹೊಗಳಿಕೆ ಬಂದರೆ ಉಬ್ಬುತ್ತದೆ. "ಏನೋ ನಮ್ಮ ಕೈಲಾದ್ದು" ಎಂದ.

"ಹೊಸದಾಗಿ ಸೇರಿದವರಿಗೆಲ್ಲ ಮೊದಲು ಗಿರಿಧರದಲ್ಲೇ ಪ್ರಾಕ್ಟೀಸು ಸರ್. ಅದರಷ್ಟು ಮೆದು ಬೇರೆ ಯಾವುದೂ ಇಲ್ಲ. ಅದರಲ್ಲಿ ಪಾಸಾದ್ರೆ ಆಮೇಲೆ ನಂದಿ, ಆಮೇಲೆ ಹೊನ್ನೆ. ಮತ್ತಿ ಮೂರು ಗಂಟು ಅಂತ ಒಂದಿದೆ, ಅಬ್ಬಾ, ಆರು ತಿಂಗಳು ಕೈಗೆ ನೀರು ಕುಡಿಸಿತು." ಆಮೇಲೆ ಅವಳು ಸುತ್ತ ನೋಡಿದಳು. "ಬೊಮ್ಮಕ್ಕ ಎಲ್ಲಿ? ಅವರೂ ಬರ್ತಾರೆ ಅಂದುಕೊಂಡಿದ್ದೆ."

ಗಿರಿಧರನಿಗೆ ಅರ್ಥವಾಗಲಿಲ್ಲ. ಬೊಮ್ಮಿಯ ಹೆಸರು ಈ ಬಾಯಲ್ಲಿ ಹೇಗೆ ಬಂತು? ಅವನ ಮುಖ ನೋಡಿ ಪ್ರಣಿತಾಳ ನಗು ಸಣ್ಣಗಾಯಿತು. "ನಿಮಗೆ ಗೊತ್ತಿದೆ ಅಂದುಕೊಂಡೆ ಸರ್" ಎಂದು ತಗ್ಗಿದ ದನಿಯಲ್ಲಿ ಹೇಳಿದಳು. ಚೀಲಗಳು ಬೆಂಗಳೂರು ಮುಟ್ಟಿದ ವಾರದಲ್ಲೇ ಜರಡಿ ಹಿಡಿದಿದ್ದರು. ಹತ್ತರಿಂದ ನಲವತ್ತರವರೆಗೆ ಕಣದ ಅಳತೆ ಒಂದೇ, ಕೂದಲೆಳೆಯ ವ್ಯತ್ಯಾಸವಿಲ್ಲ. ಲ್ಯಾಬಿನ ಮಾಲಕರಿಗೆ ಫೋನು ಮಾಡಿದರು. ಆಗ ಗಿರಿಧರ ರಜೆಯ ಮೇಲಿದ್ದ. ಹೌದು, ಸುಮಲತಾಳ ಪಿತ್ತಕೋಶದ ಆಪರೇಶನ್ನು, ಹುಬ್ಬಳ್ಳಿಯಲ್ಲಿ ಹದಿನೆಂಟು ದಿನ. ಮಾಲಕರು ಬೊಮ್ಮಿಯನ್ನೂ ಜೀಪನ್ನೂ ಕಳಿಸಿದರು, ಪ್ರಣಿತಾ ತಾನೇ ಬಂದು ಕದ್ರಾದಲ್ಲಿ ಅವಳ ಜೊತೆ ಮೂರು ದಿನ ನಿಂತಳು. ಮುಂಗಾರು ಎರಡು ದಿನ ತಡವಾದ್ದರಿಂದ ಬಚಾವು. ನಕ್ಷೆ ಓದಲು ಬಾರದ ಬೊಮ್ಮಿ ಕಾಲಿನಿಂದಲೇ ಮಣ್ಣು ಓದುತ್ತಿದ್ದಳು. ಇಲ್ಲಿ ಬೇರೆ, ಇಲ್ಲಿ ಮತ್ತೆ ಬೇರೆ ಎಂದು ನಿಲ್ಲುತ್ತಿದ್ದಳು. ಪ್ರತಿ ಚೀಲಕ್ಕೂ ಪಕ್ಕದ ಮರದ ಎಲೆ. ಒಂದೇ ಮರದ ಕೆಳಗೆ ಎರಡು ಮೂರು ಜಾಗವಿದ್ದರೆ ದಾರಕ್ಕೆ ಎರಡು ಗಂಟು, ಮೂರು ಗಂಟು. ಬೆಂಗಳೂರಿನಲ್ಲಿ ನಂಬರುಗಳು ಯಾರಿಗೂ ನೆನಪಿಲ್ಲ, ನಂದಿ, ಹೊನ್ನೆ, ಮತ್ತಿ ಎಂದು ಎಲೆಗಳ ಹೆಸರುಗಳೇ ನಿಂತುಬಿಟ್ಟಿವೆ. "ಮೂವತ್ತೊಂದನ್ನೂ ಎಸೀಬೇಕು ಅಂತಿದ್ವಿ. ಬೊಮ್ಮಕ್ಕ ಬಿಡಲಿಲ್ಲ ಸರ್. 'ಅದೂ ಒಂದು ಜಾಗವೇ, ಮೂವತ್ತು ಎಸೀರಿ, ಒಂದ್ ಇಟ್ಕಣಿ' ಅಂದ್ರು. ಅಲ್ಲಿ ಮರ ಇರಲಿಲ್ಲವಂತೆ, ಎಲೆ ಯಾವುದು ಹಾಕೋದು ಅಂತ ಕೇಳಿದೆ. 'ತುಂಬಿದವ್ರ ಹೆಸರೇ ಇಡಿ' ಅಂದ್ರು."

ಪರದೆಯ ಮೇಲೆ ಎಣಿಕೆ ಮೂವತ್ತೊಂದು ನಿಮಿಷಕ್ಕೆ ಬಂದಿತ್ತು. ಮೊದಲು ಬಂದದ್ದು ನೆಮ್ಮದಿ. ಎರಡು ವರ್ಷ ಹೊತ್ತ ಹೊರೆ ಇಳಿದು ಮೈ ಹಗುರವಾಗಿ, ಕುರ್ಚಿಯಿಂದ ಎದ್ದುಬಿಡುತ್ತೇನೇನೋ ಎಂದು ಹಿಡಿಕೆ ಹಿಡಿದುಕೊಂಡ. ಕೈಗೆ ನಲವತ್ತು ಗೊತ್ತು. ಕೈ ನಿಲ್ಲುವುದಿಲ್ಲ. ಆಮೇಲೆ ಸಿಟ್ಟು ಬಂತು: ಒಂದು ಮಾತು ಹೇಳದ ಮಾಲಕರ ಮೇಲೆ, ಹೇಳಿದರೆ ಇದ್ದೊಬ್ಬ ಕೆಲಸಗಾರ ಮುನಿಸಿಕೊಂಡು ಬಿಟ್ಟುಹೋದಾನು ಎಂದು ಬಾಯಿ ಮುಚ್ಚಿಕೊಂಡ ಅವರ ಜಾಣತನದ ಮೇಲೆ. ಅದೂ ಹೋದ ಮೇಲೆ ತಳದಲ್ಲಿ ಉಳಿದದ್ದು ವಿಚಿತ್ರವಾದ ಒಂದು ನಿರಾಸೆ. ಅದನ್ನು ಗುರುತು ಹಿಡಿಯಲು ಅವನಿಗೆ ಸ್ವಲ್ಪ ಹೊತ್ತು ಬೇಕಾಯಿತು. ಎರಡು ವರ್ಷ ತಾನು ಹೆದರಿದ್ದು ನಿಜ, ನವೆದದ್ದು ನಿಜ. ಆದರೆ ದೇಶದ ನೌಕೆಯನ್ನೇ ಕೆಡಿಸಬಲ್ಲಷ್ಟು ದೊಡ್ಡ ಮನುಷ್ಯ ತಾನು ಎಂಬುದು ಆ ಹೆದರಿಕೆಯ ಒಳಗೆ ಬೆಚ್ಚಗೆ ಕೂತಿತ್ತು. ಈಗ ನೋಡಿದರೆ ಕೆಡಿಸುವ ಯೋಗ್ಯತೆಯೂ ಇರಲಿಲ್ಲ. ಒಂದು ವಾರದಲ್ಲಿ ಜರಡಿ ಹಿಡಿದು ಬದಿಗಿಟ್ಟಿದ್ದರು. ಬಸ್ಸಿನಲ್ಲಿ ನಲ್ವತ್ತು ಅಂದಾಗ ಬೊಮ್ಮಿ ಕುಟುಕಿರಲಿಲ್ಲ, ಇದ್ದದ್ದನ್ನು ಹೇಳಿದ್ದಳು. ಅವನಿಗೆ ಗೊತ್ತಿದೆ, ನಾಚಿಕೆಗೆ ಮಾತಾಡುತ್ತಿಲ್ಲ ಎಂದು ಅವಳೂ ಸುಮ್ಮನಿದ್ದಿರಬೇಕು. ಅವಳನ್ನು ತಾನು ಕರೆಯಲಿಲ್ಲ. ನಾಚಿಕೆ ಎಂದರೆ ಇದು ಎಂದು ಗಿರಿಧರನಿಗೆ ಗೊತ್ತಾಯಿತು.

ಆಗಲೇ ಅಕ್ಕೋರು ಮೈಕಿನಲ್ಲಿ ಅವನ ಹೆಸರು ಕರೆದರು. ವೇದಿಕೆಯ ಮೇಲೆ ಫಲತಾಂಬೂಲದ ತಟ್ಟೆ, ತೆಂಗಿನಕಾಯಿ, ಜರಿಯಂಚಿನ ಕೆಂಪು ಶಾಲು. "ಚಂದ್ರನ ಕೈಗೆ ಅಕ್ಷರಾಭ್ಯಾಸ ಮಾಡಿಸಿದವರು ನಮ್ಮ ಜಿಲ್ಲೆಯವರು" ಎಂದು ಅಕ್ಕೋರು ಓದುತ್ತಿದ್ದರು. ಶಾಲು ಹೆಗಲಿಗೆ ಬಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗಿರಿಧರ ಹೆಗಲು ಮುಟ್ಟಿಕೊಂಡ, ಅಲ್ಲಿ ನಿಜವಾಗಿಯೂ ಬೇರೆಯವರ ಬೆಳೆ ಇತ್ತು. ಮೈಕು ಕೈಗೆ ಬಂತು. ಪ್ರಣಿತಾ ಕೆಳಗೆ ಕೂತು ಅವನನ್ನೇ ನೋಡುತ್ತಿದ್ದಳು. ಅವಳು ಯಾರಿಗೂ ಹೇಳುವವಳಲ್ಲ ಎಂದು ಮುಖದಲ್ಲೇ ಬರೆದಿತ್ತು. ಸುಮ್ಮನೆ ಎರಡು ಮಾತಾಡಿ ಇಳಿಯಬಹುದಿತ್ತು, ದಾರಿ ಅಷ್ಟು ಸಲೀಸಾಗಿತ್ತು. ಅಷ್ಟು ಸಲೀಸಾಗಿದ್ದದ್ದನ್ನೇ ಅವನಿಗೆ ತಡೆದುಕೊಳ್ಳಲಾಗಲಿಲ್ಲ.

"ಮಕ್ಕಳೇ, ಈ ಶಾಲು ನಂದಲ್ಲ" ಅಂದ. "ನಾನು ತುಂಬಿದ ಚೀಲದಲ್ಲಿ ಮೂವತ್ತೊಂದು ಒಂದೇ ಜಾಗದ್ದು. ಜೀಪಿನ ನೆರಳಲ್ಲಿ ಕೂತು ಅಲ್ಲೇ ಕೆರೆದೆ. ಯಾಕೆ ಅಂದ್ರೆ ಮನೇಲಿ ನೊಗ್ಲಿ ಮೀನು ಮಾಡಿದ್ರು, ಊಟಕ್ಕೆ ಹೊತ್ತಾಗ್ತಿತ್ತು."

ಮುನ್ನೂರು ಮಕ್ಕಳು ಒಟ್ಟಿಗೆ ನಕ್ಕರು. ಮೇಷ್ಟ್ರುಗಳೂ ನಕ್ಕರು. ಅವನು ಕೈಯೆತ್ತಿ, "ನಗೂ ಮಾತಲ್ಲ, ಖರೇ ಹೇಳ್ತಿದ್ದೇನೆ. ಸರಿಯಾಗಿ ತುಂಬಿದವಳು ಬೊಮ್ಮಿ ಅಂತ. ಈಗ ಇಲ್ಲೇ ಪೇಟೇಲಿ ಸೊಪ್ಪು ಮಾರ್ತಿದ್ದಾಳೆ" ಎಂದ. ನಗು ಇನ್ನೂ ಜೋರಾಯಿತು, ಆಮೇಲೆ ಚಪ್ಪಾಳೆಯಾಯಿತು. ಅಕ್ಕೋರು ಕಣ್ಣಲ್ಲಿ ನೀರು ತಂದುಕೊಂಡು ಮೈಕು ಇಸಿದುಕೊಂಡರು. "ನೋಡಿ ಮಕ್ಕಳೇ, ದೊಡ್ಡವರ ಸರಳತೆ ಅಂದ್ರೆ ಇದು. ತಮ್ಮ ಶ್ರೇಯಸ್ಸನ್ನೆಲ್ಲ ಒಬ್ಬ ಕೂಲಿ ಹೆಂಗಸಿಗೆ ಕೊಟ್ಟುಬಿಟ್ಟರು." ಎರಡು ವರ್ಷ ಹೇಳಿದ ಸುಳ್ಳನ್ನು ಎಲ್ಲರೂ ನಂಬಿದ್ದರು. ಒಂದೇ ಸಲ ಹೇಳಿದ ನಿಜವನ್ನು ಒಬ್ಬರೂ ನಂಬಲಿಲ್ಲ. ಗಿರಿಧರ ಶಾಲು ಹೊದ್ದುಕೊಂಡೇ ಕೆಳಗಿಳಿದು ಪ್ರಣಿತಾಳ ಪಕ್ಕ ಕೂತ. ಅವಳೊಬ್ಬಳು ಚಪ್ಪಾಳೆ ತಟ್ಟಿರಲಿಲ್ಲ, ಅವನ ಕೈ ಮೇಲೆ ಕೈ ಇಟ್ಟಳು.

ಎಣಿಕೆ ಸೊನ್ನೆಗೆ ಬಂತು. ಬುಡದಲ್ಲಿ ಹೊಗೆ ತುಂಬಿ ಪರದೆ ಒಂದು ಕ್ಷಣ ಬೆಳ್ಳಗಾಯಿತು, ಕಂಬ ನಿಂತಲ್ಲೇ ನಿಂತಂತೆ ಕಂಡಿತು, ಮಕ್ಕಳ ಉಸಿರು ನಿಂತಿತು, ಆಮೇಲೆ ಅದು ಎದ್ದಿತು. ಅವಸರವಿಲ್ಲದೆ, ಎಲ್ಲಿಗೆ ಹೋಗಬೇಕೆಂದು ಚೆನ್ನಾಗಿ ಗೊತ್ತಿದ್ದವರ ಹಾಗೆ ಎದ್ದಿತು. ಸದ್ದು ಹಿಂದಿನಿಂದ ಬಂದು ಶಾಲೆಯ ಹಳೆಯ ಸ್ಪೀಕರುಗಳು ಒಡಕಲಾಗಿ ಕೂಗಿದವು. ಗಿರಿಧರ ಬೆಂಕಿಯನ್ನು ನೋಡಲಿಲ್ಲ. ಆ ತುದಿಯ ಬಿಳಿ ಟೊಪ್ಪಿಗೆಯ ಒಳಗೆ ಮಡಚಿಕೊಂಡು ಕೂತ ಕೈಯನ್ನು ನೋಡಿದ. ಅದು ನಂದಿ ಮುಟ್ಟಿದೆ, ಹೊನ್ನೆ ಮುಟ್ಟಿದೆ, ಕೌಲು ಮುರುಗಲು ಮುಟ್ಟಿದೆ, ಮತ್ತಿ ಮೂರು ಗಂಟಿನಲ್ಲಿ ಆರು ತಿಂಗಳು ಸೋತು ಕೊನೆಗೆ ಗೆದ್ದಿದೆ. ನಲವತ್ತರಲ್ಲಿ ಒಂದು ಪಾಲು ತನ್ನನ್ನೂ ಮುಟ್ಟಿದೆ. ಹೋಗೇ ಹೋಗುತ್ತದೆ ಎಂದು ಬೆಳಗಿನಿಂದ ಬಾಯಿ ಹೇಳಿದ್ದನ್ನು ಈಗ ಮೊದಲ ಸಲ ಹೊಟ್ಟೆ ಹೇಳಿತು. ಒಂದೊಂದು ಹಂತ ಕಳಚಿದಾಗಲೂ ಪ್ರಣಿತಾ ಬೆರಳು ಮಡಚುತ್ತಿದ್ದಳು. ಕೊನೆಯ ಬೆರಳು ಮಡಚಿದ ಮೇಲೆ ಮಕ್ಕಳು ಅವಳನ್ನು ಮುತ್ತಿಕೊಂಡರು. "ಬೊಮ್ಮಿಯನ್ನು ನಾನೇ ಕರ್ಕೊಂಡು ಬರ್ತೇನೆ" ಎಂದು ಹೇಳಿ ಗಿರಿಧರ ಹೊರಗೆ ಬಂದ.

ಪೇಟೆಯಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಬಸ್ ಸ್ಟ್ಯಾಂಡಿನಾಚೆ ಸೊಪ್ಪಿನವರ ಸಾಲಿನಲ್ಲಿ ಬೊಮ್ಮಿ ಗೋಣಿ ಹಾಸಿ ಕೂತಿದ್ದಳು. ಶಾಲು ಹೊದ್ದು ತೆಂಗಿನಕಾಯಿ ಹಿಡಿದು ಬರುತ್ತಿದ್ದ ಅವನನ್ನು ದೂರದಿಂದಲೇ ನೋಡಿ ನಗತೊಡಗಿದಳು.

"ಹಾರ್ತು ಅಲ್ದಾ? ಈ ಹೊನ್ನಿ ಫೋನಲ್ಲಿ ತೋರ್ಸ್ತು" ಎಂದು ಪಕ್ಕದವಳನ್ನು ತೋರಿಸಿದಳು.

"ಹಾರ್ತು." ಅವನು ಗೋಣಿಯ ಅಂಚಿನಲ್ಲಿ ಇಸ್ತ್ರಿ ಪ್ಯಾಂಟಿನಲ್ಲೇ ಕುಕ್ಕರಗಾಲಲ್ಲಿ ಕೂತ. ಕದ್ರಾದಲ್ಲಿ ಕೂತ ಹಾಗೆಯೇ. "ಪ್ರಣಿತಾ ಬಂದಿದ್ದಾಳೆ, ನಿನ್ನ ಕೇಳ್ತಿದ್ದಾಳೆ. ಎಲ್ಲಾ ಹೇಳಿದ್ಳು. ನಂಗೆ ಗೊತ್ತಿರಲಿಲ್ಲ. ತಪ್ಪಾಯ್ತು ಬೊಮ್ಮಕ್ಕ."

ಬೊಮ್ಮಿ ಒಂದು ಕಟ್ಟು ಬಸಳೆಯ ಬಾಡಿದ ಎಲೆ ಕಿತ್ತು ಆಚೆ ಇಟ್ಟಳು. "ಆವತ್ತು ನೀವು ಕಾರವಾರದಲ್ಲಿ ಇಳ್ದು ಉಂಬುಕೆ ಹೋದ್ರಿ. ನಾನೂ ಜಟ್ಟುನೂ ಸಂಜಿವರಿಗೂ ಉಪಾಸ, ಚೀಲ ಇಳಿಸ್ಕಂಡು. ಅದೊಂದು ಬೇಜಾರಿತ್ತು. ಮಣ್ಣಿಂದು ಅಲ್ಲ, ಮಣ್ಣು ಮತ್ತೆ ತುಂಬುಕೆ ಬರ್ತದೆ." ಆಮೇಲೆ ತಲೆ ಎತ್ತಿ ಕೇಳಿದಳು, "ನೊಗ್ಲಿ ಹ್ಯಾಂಗಿತ್ತು?"

ಗಿರಿಧರ ತೆಂಗಿನಕಾಯಿಯನ್ನು ಗೋಣಿಯ ಮೇಲಿಟ್ಟ. "ಚಲೋ ಇತ್ತು" ಅಂದ.

ಅವಳು ಹೊನ್ನಿಯ ಭುಜ ತಟ್ಟಿ ತಟ್ಟಿ ನಕ್ಕಳು. ಅವನು ಶಾಲು ತೆಗೆದು ಅವಳ ಮುಂದೆ ಹಿಡಿದ. "ನಂಗೆಂತಕೆ ಇದು, ಈ ಸೆಕೆಲಿ? ಹಾಂ, ತಡೀರಿ. ಆ ಹರಿವೆ ಮೇಲೆ ಹಾಕಿ, ಬಾಡ್ತಾ ಬಂತು." ಗಿರಿಧರ ಜರಿಯಂಚನ್ನು ಮೇಲೆ ಮಾಡಿ ಸೊಪ್ಪಿನ ಮೇಲೆ ಶಾಲು ಹರಡಿದ, ನಾಲ್ಕು ಮೂಲೆಗೂ ಒಂದೊಂದು ಕಲ್ಲಿಟ್ಟ. ಬೊಮ್ಮಿ ಅದರ ಮೇಲೆ ನೀರು ಚಿಮುಕಿಸಿದಳು. ಸೊಪ್ಪು ಖಾಲಿಯಾದ ಮೇಲೆ ಶಾಲೆಗೆ ಬರುತ್ತೇನೆ ಎಂದಳು, ಅಷ್ಟರಲ್ಲಿ ಇಬ್ಬರು ಬಂದು ಬಸಳೆ ಒಯ್ದರು.

"ಅಲ್ಲ ಸರ್, ಚಂದ್ರನಲ್ಲಿ ಮರ ಇಲ್ವಂತೆ" ಅಂದಳು ಬೊಮ್ಮಿ. "ಆ ಮಣ್ಣು ತುಂಬಿದ ಮೇಲೆ ಗುರ್ತಿಗೆ ಎಂತಾ ಹಾಕ್ತಾರೆ?"

ಗಿರಿಧರ ಬಾಯಿ ತೆರೆದ. ಇಪ್ಪತ್ತಾರು ವರ್ಷದ ಅಭ್ಯಾಸ, ಉತ್ತರ ತಾನಾಗಿ ಬರಬೇಕಿತ್ತು. ಬರಲಿಲ್ಲ.

"ಗೊತ್ತಿಲ್ಲ" ಅಂದ.

"ಗೊತ್ತಿಲ್ದಿದ್ರೆ," ಬೊಮ್ಮಿ ಸೊಪ್ಪಿನ ಕಟ್ಟಿಗೆ ಬಾಳೆನಾರು ಬಿಗಿಯುತ್ತ ಹೇಳಿದಳು, "ಆ ಪ್ರಣಿತಮ್ಮಂಗೆ ಹೇಳಿ, ಅಲ್ಲಾದ್ರೂ ನೆಳ್ಳು ಕಂಡಲ್ಲೇ ಕೂತು ಎಲ್ಲಾ ತುಂಬುದು ಬೇಡ ಅಂತ."

"ಹೇಳ್ತೆ" ಎಂದ ಗಿರಿಧರ.